ಚಗಳಿ ಕೊಟ್ಟೆಗೆ ಬೆಂಕಿ ಹಾಕಬೇಡಿ

ಸಂಪಾದಕರೇ,

ರಜೆಗೆ ಬಂದ ಮೊಮ್ಮಗ ಮೊಬೈಲಿನಲ್ಲಿ ಸಹಾರಾ ಮರುಭೂಮಿಯ ಬೆಳ್ಳಿ ಇರುವೆ ತೋರಿಸಿ, "ಅಜ್ಜಿ, ಇದರ ಮುಂದೆ ನಮ್ಮ ಚಗಳಿ ಏನೂ ಅಲ್ಲ" ಅಂದ. ನನಗೆ ಸ್ವಲ್ಪ ಸಿಟ್ಟೇ ಬಂತು. ಚಗಳಿ ಎಂದರೆ ನಮ್ಮ ಗೇರು ಮರದ ಕೆಂಪಿರುವೆ, ಕೊಟ್ಟೆ ಎಂದರೆ ಅದರ ಎಲೆಗೂಡು.

ಆ ಇರುವೆ ಗಟ್ಟಿಗ, ಒಪ್ಪಿದೆ. ಮರಳು 50 ಡಿಗ್ರಿಯ ಆಸುಪಾಸು ಕಾದು, ಹಲ್ಲಿಗಳೂ ಬಿಲ ಸೇರಿದ ಮೇಲೆ ಅದು ಹೊರಗೆ ಬರುತ್ತದೆ. ಸಿಗುವುದು ಕೆಲವೇ ನಿಮಿಷ. ಬಿಸಿಲಿಗೆ ಸತ್ತ ಹುಳ ಕಚ್ಚಿಕೊಂಡು ವಾಪಸ್ ಓಟ, ಸೆಕೆಂಡಿಗೆ ಸುಮಾರು 85 ಸೆಂಟಿಮೀಟರ್. ಮೈಮೇಲಿನ ಬೆಳ್ಳಿ ಕೂದಲು ಬಿಸಿಲನ್ನು ಕನ್ನಡಿಯ ಹಾಗೆ ಹಿಂದಕ್ಕೆ ಹೊಡೆಯುತ್ತದೆ.

ನಮ್ಮ ಚಗಳಿಗೆ ಆ ಅವಸರ ಇಲ್ಲ. ಮಣ್ಣಿನ ಗೂಡೂ ಬೇಡ, ಹಸಿರೆಲೆ ಸಾಕು. ಸಾಲಾಗಿ ನಿಂತು ಎರಡು ಎಲೆ ಎಳೆದು ಹಿಡಿಯುತ್ತವೆ. ದೊಡ್ಡವಕ್ಕೆ ನೂಲು ಬರುವುದಿಲ್ಲ, ಮರಿಹುಳಕ್ಕೆ ಬರುತ್ತದೆ. ಮರಿಯನ್ನೇ ಬಾಯಲ್ಲಿ ಹಿಡಿದು ಲಾಳಿಯ ಹಾಗೆ ಆಚೀಚೆ ಆಡಿಸಿ ಎಲೆ ಹೊಲಿಯುತ್ತವೆ. ಮಗುವಿನ ಕೈಲಿ ಕೆಲಸ ಮಾಡಿಸುವುದು ಅಂದರೆ ಇದೇ ಅಲ್ವಾ! ಎಲೆ ಒಣಗಿದರೆ ಬೇರೆ ಕೊಟ್ಟೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಎರಡು ವರ್ಷದ ಹಿಂದೆ, ಗೇರು ಕೊಯ್ಯುವವರು ಕಡಿತ ತಾಳಲಾರೆವು ಎಂದಾಗ, ತೆಂಗಿನ ಗರಿಯ ಸೂಡಿ ಹಚ್ಚಿ ಆರು ಮರದ ಕೊಟ್ಟೆಗಳನ್ನು ನಾನೇ ಸುಡಿಸಿದ್ದೆ. ಮುಂದಿನ ಹಂಗಾಮಿನಲ್ಲಿ ಆ ಮರಗಳ ಚಿಗುರಿಗೆ, ಹೂವಿಗೆ ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆ ಬಿತ್ತು. ಹೂಗೊಂಚಲು ಸುಟ್ಟ ಹಾಗೆ ಕರಟಿತು. ಬೇಲಿ ಪಕ್ಕದ ಮರಗಳಲ್ಲಿ ಚಗಳಿ ಹಾಗೇ ಇತ್ತು, ಕಾಯಿಯೂ ನಿಂತಿತು. ಟೀ ಸೊಳ್ಳೆಯನ್ನು ಚಗಳಿ ಓಡಿಸುತ್ತದೆ ಎಂದು ಆಮೇಲೆ ಓದಿದೆ. ಸಿಹಿಯ ಆಸೆಗೆ, ಗಿಡದ ರಸ ಹೀರಿ ಸಿಹಿ ಅಂಟು ಬಿಡುವ ಹಿಟ್ಟು ತಿಗಣೆಯನ್ನು ಸಾಕಿಕೊಳ್ಳುವ ಕೆಟ್ಟ ಚಾಳಿಯೂ ಅದಕ್ಕಿದೆ, ಮುಚ್ಚಿಡುವುದಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಲಾಭವೇ ಜಾಸ್ತಿ.

ಒಡಿಶಾದ ಮಯೂರ್‌ಭಂಜ್‌ನವರು ಇದೇ ಇರುವೆಯ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಎಂಬ ಸರ್ಕಾರಿ ಗುರುತು, ಪಡೆದರು. ನಾವು ಬೆಂಕಿ ಹಾಕುತ್ತಿದ್ದೇವೆ. ಗೇರು ಚಿಗುರುವ ಮೊದಲು ನಿಮ್ಮ ಕೃಷಿ ಪುಟದಲ್ಲಿ ಚಗಳಿಯ ಬಗ್ಗೆ ಒಂದು ಲೇಖನ ಹಾಕಿಸಿ. ಸಹಾರಾ ಇರುವೆ ಆಮೇಲೆ ಬರಲಿ.

ಈಗ ಕೊಯ್ಯುವವರಿಗೆ ಬೆಳಿಗ್ಗೆ ಒಲೆ ಬೂದಿಯ ಡಬ್ಬ ಕೊಡುತ್ತೇನೆ. ಕೈಕಾಲಿಗೆ ಬಳಿದುಕೊಂಡು ಮರ ಹತ್ತುತ್ತಾರೆ. ಕಡಿತ ಪೂರ್ತಿ ನಿಂತಿಲ್ಲ, ಗೊಣಗಾಟವೂ ನಿಂತಿಲ್ಲ. ಒಬ್ಬಳು ಮಾತ್ರ ಸಂಜೆ ಚಟ್ನಿಗೆಂದು ಒಂದು ಕೊಟ್ಟೆ ಕೇಳುತ್ತಾಳೆ. ವಾರಕ್ಕೆ ಒಂದೇ ಎಂದು ಹೇಳಿದ್ದೇನೆ.

ಗೇರು ಬೆಳೆಗಾರ್ತಿ, ಅಂಕೋಲಾ