ಲೋವೆಲ್‌ನ ಮಕ್ಕಳಿಗೆ ಹತ್ತಿಯ ಕಥೆಯನ್ನೂ ಹೇಳು

ಧಾರವಾಡ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಳೆಯ ಹತ್ತಿ ಗಿರಣಿಗಳ ಊರಾದ ಲೋವೆಲ್‌ನಲ್ಲಿ ಮನೆ ಸಿಕ್ಕಿದ್ದು, ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ಆ ಊರಿನ ಚರಿತ್ರೆ ಹೇಳುವ ಕೆಲಸ ನಿನ್ನ ಪಾಲಿಗೆ ಬಂದದ್ದು ಕೇಳಿ ಬಹಳ ಸಂತೋಷವಾಯಿತು. ನೀನು ಕಳುಹಿಸಿದ ಟಿಪ್ಪಣಿಯನ್ನು ಪೂರ್ತಿ ಓದಿದೆ. ವಲಸೆ ಬಂದವರು ಬೆವರು ಸುರಿಸಿ ಕಟ್ಟಿದ ದೇಶ ಇದು, ನಾವೂ ಅದೇ ಸಾಲಿನವರು ಎಂಬ ಮಾತಿನ ಮೇಲೆ ಇಡೀ ಪಾಠ ನಿಂತಿದೆ. ಮಾತು ಸುಳ್ಳಲ್ಲ. ಆದರೆ ಪಾಠವನ್ನು ಅಷ್ಟಕ್ಕೇ ಮುಗಿಸಬೇಡ ಎಂದು ಹೇಳಲೆಂದೇ ಬರೆಯುತ್ತಿದ್ದೇನೆ.

ಐರಿಷ್ ಜನರ ಬಗ್ಗೆ ನೀನು ಬರೆದ ಭಾಗ ಚೆನ್ನಾಗಿದೆ. 1822ರಲ್ಲಿ ಹ್ಯೂ ಕಮಿಸ್ಕಿ 30 ಆಳುಗಳನ್ನು ಕರೆದುಕೊಂಡು ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನಿಂದ ಕಾಲ್ನಡಿಗೆಯಲ್ಲಿ ಅಲ್ಲಿಗೆ ಬಂದ. ಮೆರಿಮ್ಯಾಕ್ ನದಿಯ ನೀರನ್ನು ಗಿರಣಿಗಳಿಗೆ ಹರಿಸುವ ಕಾಲುವೆಗಳನ್ನು ಅಗೆದವರು ಅವರು. ಗಿರಣಿ ಹುಡುಗಿಯರಿಗೆ ಕಂಪನಿ ಬೋರ್ಡಿಂಗ್ ಮನೆಗಳನ್ನು ಕಟ್ಟಿಸಿತು. ಕಾಲುವೆ ಅಗೆದವರು ತಾವೇ ಗುಡಿಸಲು ಹಾಕಿಕೊಂಡರು. ಹೆಚ್ಚಿನಂಶ ಕ್ಯಾಥೊಲಿಕರಾದ ಅವರಿಗೆ ಸಿಕ್ಕ ಸ್ವಾಗತ ಎಂಥದ್ದು ಎಂಬುದನ್ನೂ ಸೇರಿಸು. 1834ರಲ್ಲಿ ಚಾರ್ಲ್ಸ್‌ಟೌನ್‌ನ ಕ್ಯಾಥೊಲಿಕ್ ಸನ್ಯಾಸಿನಿಯರ ಮಠಕ್ಕೆ ಗುಂಪೊಂದು ಬೆಂಕಿ ಇಟ್ಟಿತು.

ಇನ್ನೊಂದು ತಿದ್ದುಪಡಿ. ಲೋವೆಲ್‌ನ ಮೊದಲ ಪೀಳಿಗೆಯ ಗಿರಣಿ ಕೆಲಸಗಾರರಲ್ಲಿ ಹೆಚ್ಚಿನವರು ಹೊರದೇಶದವರಲ್ಲ, ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ರೈತರ ಹೆಣ್ಣುಮಕ್ಕಳು. ಗಂಟೆ ಬಾರಿಸಿದಾಗ ಎದ್ದು ದಿನಕ್ಕೆ ಹನ್ನೆರಡು ಹದಿಮೂರು ತಾಸು ದುಡಿಯುತ್ತಿದ್ದರು. ಕೂಲಿ ಕಡಿತಗೊಂಡಾಗ 1834ರಲ್ಲಿಯೂ ಬೋರ್ಡಿಂಗ್ ಖರ್ಚು ಏರಿದಾಗ 1836ರಲ್ಲಿಯೂ ಕೆಲಸ ಬಿಟ್ಟು ಬೀದಿಗಿಳಿದರು. 1845ರಲ್ಲಿ ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿ ಶಾಸನಸಭೆಯ ಸಮಿತಿಯ ಮುಂದೆ ನಿಂತು ದಿನಕ್ಕೆ ಹತ್ತು ತಾಸಿನ ಕೆಲಸಕ್ಕಾಗಿ ಸಾಕ್ಷಿ ನುಡಿದಳು. ತರಗತಿಯ ಹೆಣ್ಣುಮಕ್ಕಳಿಗೆ ಇವಳ ಹೆಸರು ಬಾಯಿಪಾಠ ಆಗಬೇಕು.

ಈಗ ಮುಖ್ಯ ವಿಷಯ. ಮ್ಯಾಸಚೂಸೆಟ್ಸ್‌ನ ಚಳಿ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಹಾಗಾದರೆ ಆ ಗಿರಣಿಗಳಿಗೆ ಅರಳೆ ಎಲ್ಲಿಂದ ಬರುತ್ತಿತ್ತು? ನಿನ್ನ ಟಿಪ್ಪಣಿಯಲ್ಲಿ ಈ ಪ್ರಶ್ನೆಯೇ ಇಲ್ಲ. ಹತ್ತಿ ಬಿಡಿಸುವುದನ್ನು ನೀನು ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲಿ ಕಂಡಿದ್ದೀಯೆ. ಒಡೆದ ಕಾಯಿಯ ಒಣಗಿದ ತುದಿ ಉಗುರಿನ ಬುಡವನ್ನು ಗೀರುತ್ತದೆ, ಬೆನ್ನು ಬಗ್ಗಿಸಿಯೇ ಸಾಲು ಮುಗಿಸಬೇಕು. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಾದ ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿಗಳಲ್ಲಿ ಆ ಕೆಲಸ ಮಾಡಿದವರು ಗುಲಾಮರು. ಗಿಡ್ಡ ಎಳೆಯ ಆ ಹತ್ತಿಯಲ್ಲಿ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. 1793ರಲ್ಲಿ ಎಲಿ ವಿಟ್ನಿ ಮಾಡಿದ ಜಿನ್ ಯಂತ್ರ ಕಾಳು ಬೇರ್ಪಡಿಸುವ ಶ್ರಮವನ್ನು ಇಳಿಸಿತು. ಆದರೆ ಬಿತ್ತುವುದಕ್ಕೂ ಬಿಡಿಸುವುದಕ್ಕೂ ಕೈಗಳೇ ಬೇಕಿದ್ದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 40 ಲಕ್ಷದ ಸಮೀಪಕ್ಕೆ ಬಂತು. ಹೊರಗಿನಿಂದ ಗುಲಾಮರನ್ನು ತರುವುದು 1808ರಲ್ಲಿಯೇ ನಿಷೇಧವಾಗಿತ್ತು. ಆಮೇಲೆ ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರಿ, ಸರಪಳಿ ತೊಡಿಸಿ ಹತ್ತಿಯ ಸೀಮೆಗೆ ನಡೆಸಿಕೊಂಡು ಹೋದರು. ಇದೂ ಒಂದು ವಲಸೆಯೇ, ಬಲವಂತದ ವಲಸೆ. ಲೋವೆಲ್‌ನ ಗಿರಣಿಗಳು ನೇಯ್ದ ಒರಟು ಬಟ್ಟೆ ಅದೇ ತೋಟಗಳಿಗೆ ಹೋಗಿ ಗುಲಾಮರ ಮೈಮೇಲೆ ಬಂತು.

ಆ ನೆಲವಾದರೂ ಖಾಲಿ ಬಿದ್ದಿತ್ತೇ? ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರಿಗೆ ಅವರವನೇ ಆದ ಸೆಕ್ವೋಯಾ ರೂಪಿಸಿದ ಲಿಪಿಯಿತ್ತು, 1827ರಲ್ಲಿ ಬರೆದುಕೊಂಡ ಸಂವಿಧಾನವಿತ್ತು, 1828ರಿಂದ ತಮ್ಮದೇ ಪತ್ರಿಕೆಯಿತ್ತು. 1830ರಲ್ಲಿ ಅಧ್ಯಕ್ಷ ಜಾಕ್ಸನ್ ಮೂಲನಿವಾಸಿಗಳನ್ನು ಎತ್ತಂಗಡಿ ಮಾಡುವ ಕಾಯ್ದೆಗೆ ಸಹಿ ಹಾಕಿದ. 1832ರಲ್ಲಿ ಸುಪ್ರೀಂ ಕೋರ್ಟ್ ಚೆರೋಕಿಗಳ ಪರವಾಗಿ ತೀರ್ಪು ಕೊಟ್ಟರೂ ಫಲವಾಗಲಿಲ್ಲ. 1838ರಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಅವರನ್ನು ಹೊರಡಿಸಿದರು. ಸುಮಾರು 16,000 ಜನರಲ್ಲಿ 4,000ದಷ್ಟು ಮಂದಿ ಸತ್ತರೆಂದು ಅಂದಾಜು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ತಪ್ಪೆಂದು ಇಂದಿಗೂ ಅನಿಸಿಲ್ಲ.

ಇವರಂತೆಯೇ ಮನೆಮಾರು ಕಳೆದುಕೊಂಡ ಚೋಕ್ಟಾ ಜನರು 1847ರಲ್ಲಿ, ಐರ್ಲೆಂಡಿನಲ್ಲಿ ಕ್ಷಾಮ ಬಿದ್ದ ಸುದ್ದಿ ಕೇಳಿ, ತಮ್ಮಲ್ಲೇ ಹಣ ಕೂಡಿಸಿ ಅಲ್ಲಿಗೆ ಕಳುಹಿಸಿದರು. ಮಕ್ಕಳಿಗೆ ಇದನ್ನು ಹೇಳಲು ಮರೆಯಬೇಡ.

ಈರಿ ಕಾಲುವೆಗೆ ನೀನು ಕೊಟ್ಟ ಜಾಗ ಸಾಕು. 1825ರಲ್ಲಿ ಅದು ತೆರೆದ ಮೇಲೆ ಬಫಲೋದಿಂದ ನ್ಯೂಯಾರ್ಕ್‌ಗೆ ಸರಕು ಸಾಗಿಸುವ ಖರ್ಚು ಕುಸಿಯಿತು ಎಂಬುದಿದ್ದರೆ ಆಯಿತು. ಅದರ ಬದಲು ನಮ್ಮ ಸೀಮೆಯ ಸಂಗತಿ ಸೇರಿಸು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೀಜ ಧಾರವಾಡದ ಹೊಲಗಳಿಗೆ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಯ ಬೆಲೆ ಗಗನಕ್ಕೇರಿತು. ಆ ಕಥೆಗೂ ನಮ್ಮ ಮಕ್ಕಳಿಗೂ ಸಂಬಂಧವಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಸಣ್ಣ ಮಕ್ಕಳಿಗೆ ಇದೆಲ್ಲ ಯಾಕೆ ಎಂದು ತಂದೆತಾಯಿಯರಲ್ಲಿ ಯಾರಾದರೂ ಕೇಳಿಯಾರು. ಜಗಳವಾಡಬೇಡ, ಆದರೆ ಹಿಂದೆಯೂ ಸರಿಯಬೇಡ. 1790ರ ಕಾಯ್ದೆ ಅಲ್ಲಿಗೆ ಬಂದ ಬಿಳಿಯರಿಗಷ್ಟೇ ಪೌರತ್ವ ಕೊಟ್ಟಿತ್ತು; ಭಾರತೀಯರಿಗೆ ಆ ಹಕ್ಕು ಕಾನೂನಿನಿಂದ ಖಚಿತವಾದದ್ದು 1946ರಲ್ಲಿ. ಅವರೊಂದಿಗೆ ಕುಳಿತು ಸಮಾಧಾನದಿಂದ ಇಷ್ಟನ್ನು ಹೇಳು.

ಮೊದಲು ಮಕ್ಕಳನ್ನು ಅಲ್ಲಿನ ಹಳೆಯ ಹತ್ತಿ ಗಿರಣಿಯಾದ ಬೂಟ್ ಗಿರಣಿಯ ಮ್ಯೂಸಿಯಂಗೆ ಕರೆದುಕೊಂಡು ಹೋಗು. ಮಗ್ಗಗಳ ಮುಂದೆ ನಿಲ್ಲಿಸಿ, ಈ ನೂಲಿನ ಹತ್ತಿ ಎಲ್ಲಿ ಬೆಳೆದಿರಬಹುದು ಎಂದು ಕೇಳು. ನಕ್ಷೆಯಲ್ಲಿ ಅವರೇ ಹುಡುಕಲಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟು ನನಗೆ ಕಳುಹಿಸು. ನಿನಗೆ ಉತ್ತರ ಹೊಳೆಯದವನ್ನು ಮೊದಲು ಬರೆ.

ನಿನ್ನ ದೊಡ್ಡಪ್ಪ