ಹತ್ತಿ ಹೂವು ಶಾಲೆಯ ಗಂಟೆ ಕೇಳುವುದಿಲ್ಲ

ಮಾನ್ಯ ಸಂಪಾದಕರೇ,

ಜೂನ್ 12, ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನ, ಬಂತೆಂದರೆ ಪತ್ರಿಕೆಗಳಲ್ಲಿ ಒಂದೇ ಥರದ ಫೋಟೊ. ಜಾಥಾ, ಬ್ಯಾನರು, ಬಿಸಿಲಲ್ಲಿ ನಿಂತ ಮಕ್ಕಳು, ಮಧ್ಯದಲ್ಲಿ ಅಧಿಕಾರಿಗಳು. ಪಕ್ಕದಲ್ಲೇ ಇನ್ನೊಂದು ಸುದ್ದಿ: ಹೋಟೆಲು, ಗ್ಯಾರೇಜುಗಳ ಮೇಲೆ ದಾಳಿ, ಬಾಲಕಾರ್ಮಿಕರ ರಕ್ಷಣೆ. ಒಳ್ಳೆಯ ಕೆಲಸವೇ, ಬೇಡ ಅನ್ನುತ್ತಿಲ್ಲ. ಆದರೆ ಉತ್ತರ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದ ನಾನು ಕಂಡ ದುಡಿಯುವ ಮಕ್ಕಳಲ್ಲಿ ಜಾಸ್ತಿ ಜನ ಹೋಟೆಲಿನಲ್ಲಿ ಇರಲಿಲ್ಲ. ಹೊಲದಲ್ಲಿದ್ದರು. ಅಲ್ಲಿಗೆ ಯಾವ ಇಲಾಖೆಯ ಜೀಪೂ ಹೋಗಿದ್ದನ್ನು ನಾನು ಕಾಣೆ.

ಹೈಬ್ರಿಡ್ ಹತ್ತಿ ಬೀಜ ಹೇಗೆ ತಯಾರಾಗುತ್ತದೆ ಅನ್ನುವುದು ಪೇಟೆಯ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಅದಕ್ಕೆ 'ಕ್ರಾಸಿಂಗ್' ಅನ್ನುತ್ತಾರೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಒಳಗಿನ ಕೇಸರ ಕಿತ್ತು ತೆಗೆಯಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವು ತಂದು ಅದಕ್ಕೆ ಒರೆಸಬೇಕು. ಒಂದೊಂದು ಹೂವಿಗೂ ಹೀಗೇ, ದಿನಾ, ತಿಂಗಳುಗಟ್ಟಲೆ. ಔಷಧಿ ಹೊಡೆದ ಗಿಡಗಳ ನಡುವೆಯೇ ಈ ಕೆಲಸ. ಇದಕ್ಕೆ ಮಕ್ಕಳೇ ಯಾಕೆ ಎಂದರೆ, ಸಣ್ಣ ಬೆರಳಾದರೆ ಹೂವು ಹಾಳಾಗುವುದಿಲ್ಲ ಎಂದು ಹೇಳುತ್ತಾರೆ. ಸುಮ್ನೆ ಮಾತು. ದೊಡ್ಡವರ ಬೆರಳಿಗೂ ಆ ಕೆಲಸ ಬರುತ್ತದೆ. ಕೂಲಿ ಜಾಸ್ತಿ ಕೊಡಬೇಕು, ಅಷ್ಟೇ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14 ವರ್ಷದೊಳಗಿನವರನ್ನು ಎಲ್ಲೂ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಾಯಿತು. ತಪ್ಪಿದರೆ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಆದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು ಎಂದೂ ಬರೆದರು. ಕುಟುಂಬ ಅಂದರೆ ಅಪ್ಪ ಅಮ್ಮ, ಅಣ್ಣ ತಂಗಿಯರಷ್ಟೇ ಅಲ್ಲ. ಅಪ್ಪನ ಒಡಹುಟ್ಟಿದವರು, ಅಮ್ಮನ ಒಡಹುಟ್ಟಿದವರು ಎಲ್ಲರೂ ಸೇರುತ್ತಾರೆ. ಹಳ್ಳಿಯಲ್ಲಿ ಈ ಲೆಕ್ಕ ಹಿಡಿದರೆ ಅರ್ಧ ಊರು ಕುಟುಂಬವೇ ಆಗುತ್ತದೆ, ಅಲ್ವಾ?

ಐದನೇ ಕ್ಲಾಸಿನಲ್ಲಿ ನನ್ನ ಹತ್ತಿರ ಒಬ್ಬಳು ಹುಡುಗಿ ಇದ್ದಳು. ಲೆಕ್ಕದಲ್ಲಿ ಬಹಳ ಚುರುಕು. ಆಗಸ್ಟ್ ಬಂತೆಂದರೆ ಮಾಯ. ಮನೆಗೆ ಹೋಗಿ ಕೇಳಿದೆ. "ಅಕಿ ಸ್ವಾದರಮಾವನ ಹೊಲ ಐತ್ರಿ ಅಕ್ಕಾರ, ಕೂಲಿಗೇನ್ ಕಳಿಸಿಲ್ರಿ" ಎಂದ ಅವಳಪ್ಪ. ಸುಳ್ಳಲ್ಲ, ಮಾವನದೇ ಹೊಲ. ಆದರೆ ಆ ಮಾವ ಬೀಜದ ಏಜೆಂಟನಿಂದ ಮುಂಗಡ ತಂದಿದ್ದ. ಅದರಲ್ಲಿ ಸ್ವಲ್ಪ ಈ ಅಪ್ಪನ ಕೈಗೂ ಬಂದಿತ್ತು. ಅದನ್ನು ತೀರಿಸುತ್ತಿದ್ದವಳು ನನ್ನ ಐದನೇ ಕ್ಲಾಸಿನ ಹುಡುಗಿ. ಇನ್ನು 'ಶಾಲೆ ಮುಗಿದ ಮೇಲೆ' ಅನ್ನುವ ಮಾತು. ಮೊಗ್ಗು ಬಿಡಿಸುವುದೇನೋ ಸಂಜೆಗಾಗುತ್ತದೆ. ಹೂವು ಒರೆಸುವುದು ಬೆಳಗಿನ ಹೊತ್ತಿಗೇ ಆಗಬೇಕು, ನಾವು ಹಾಜರಿ ಕರೆಯುವ ಹೊತ್ತಿಗೆ.

ಈಗ ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ವಾರಕ್ಕೆ ಒಂದೆರಡು ದಿನ ಅವಳು ಬರುತ್ತಿದ್ದಳು, ಬಿಸಿಯೂಟ ಮಾಡಿ ಹೋಗುತ್ತಿದ್ದಳು. ಉಳಿದ ದಿನಗಳಿಗೂ ನಾನೇ ಹಾಜರಿ ಹಾಕಿದೆ. ಹಾಜರಿ ಕಮ್ಮಿಯಾದರೆ ಮೇಲಿನಿಂದ ನಮಗೇ ನೋಟಿಸು ಬರುತ್ತಿತ್ತು. ಪುಸ್ತಕದಲ್ಲಿ ಆ ಹುಡುಗಿ ಶಾಲೆಯಲ್ಲಿದ್ದಾಳೆ. ಹಾಗಿದ್ದ ಮೇಲೆ ಅವಳನ್ನು ಯಾರು ಹುಡುಕುತ್ತಾರೆ? 2011ರ ಜನಗಣತಿಯಲ್ಲಿ ದೇಶದಲ್ಲಿ 5ರಿಂದ 14 ವಯಸ್ಸಿನ ದುಡಿಯುವ ಮಕ್ಕಳು 1 ಕೋಟಿಗೂ ಮೇಲೆ ಇದ್ದರು. ಮುಂದಿನ ಗಣತಿ 2021ರಲ್ಲಿ ಆಗಬೇಕಿತ್ತು, ಆಗಲಿಲ್ಲ. ಆ ಕೋಟಿಯಲ್ಲೂ ನನ್ನ ಹುಡುಗಿಯಂಥವರು ಎಷ್ಟು ಜನ ಸೇರಿದ್ದರೋ ನನಗೆ ಅನುಮಾನ. ಗಣತಿಗೆ ಮನೆಮನೆಗೆ ಹೋಗುವವರೂ ನನ್ನಂಥ ಟೀಚರುಗಳೇ. 'ಮಾವನ ಹೊಲ' ಎಂದರೆ ನಾವೇನು ಬರೆದುಕೊಳ್ಳುತ್ತೇವೆ?

ಬಡತನ ಇದೆ, ಏನು ಮಾಡೋದು ಎನ್ನುವವರಿಗೆ ಒಂದು ಮಾತು. ಅದೇ ಊರಿನಿಂದ ಗಟ್ಟಿಮುಟ್ಟಾದ ದೊಡ್ಡವರು ಕೆಲಸ ಹುಡುಕಿಕೊಂಡು ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಊರಿನ ಕೆಲಸ ಮಕ್ಕಳು ಮಾಡುತ್ತಾರೆ. ಇದು ಯಾವ ಸೀಮೆ ಲೆಕ್ಕ?

1996ರಲ್ಲಿ ಸುಪ್ರೀಂ ಕೋರ್ಟು ಒಂದು ದಾರಿ ತೋರಿಸಿತ್ತು. ಅಪಾಯಕಾರಿ ಕೆಲಸಕ್ಕೆ ಮಗುವನ್ನು ಇಟ್ಟುಕೊಂಡ ಮಾಲೀಕ ತಲೆಗೆ 20 ಸಾವಿರ ಕಟ್ಟಬೇಕು, ಸರ್ಕಾರ ಆ ಮನೆಯ ದೊಡ್ಡವರೊಬ್ಬರಿಗೆ ಕೆಲಸ ಕೊಡಬೇಕು, ಆಗದಿದ್ದರೆ 5 ಸಾವಿರ ಹಾಕಬೇಕು ಎಂದು. ಮಗು ಬಿಟ್ಟ ಜಾಗಕ್ಕೆ ಮನೆಯ ದೊಡ್ಡವರು ಬರಬೇಕು ಅನ್ನುವುದು ಅದರ ತಿರುಳು. ನಮ್ಮ ಹೊಲದಲ್ಲಿ ಮಾಲೀಕ ಯಾರು? ಸಾಲಗಾರ ಮಾವನೇ? ಬೀಜವನ್ನು ಪ್ಯಾಕೆಟ್ಟಿಗೆ ಹಾಕಿ ಮಾರುವವರ ಹೆಸರು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ದೊಡ್ಡವರ ಕೂಲಿ ಗಿಟ್ಟುವಷ್ಟು ಬೆಲೆಯನ್ನು ಅವರು ರೈತನಿಗೆ ಕೊಡುತ್ತಾರೋ ಇಲ್ಲವೋ ಎಂದು ಕಾರ್ಮಿಕ ಇಲಾಖೆ ಅವರ ಒಪ್ಪಂದದ ಕಾಗದ ತರಿಸಿಕೊಂಡು ನೋಡಲಿ.

ನಿಮ್ಮಲ್ಲೂ ಒಂದು ಕೋರಿಕೆ. ಹೋದ ಜೂನಿನಲ್ಲಿ ರಕ್ಷಣೆಯಾದ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಒಂದು ಸುದ್ದಿ ಮಾಡಿ. ಮತ್ತೆ ಕ್ರಾಸಿಂಗ್ ಶುರುವಾದಾಗ ನಿಮ್ಮ ವರದಿಗಾರರನ್ನು ಬೀಜ ಬೆಳೆಯುವ ಯಾವುದಾದರೂ ಊರಿನ ಶಾಲೆಗೆ, ಹೇಳದೆ ಕೇಳದೆ, ಬೆಳಗ್ಗೆ 10 ಗಂಟೆಗೆ ಕಳಿಸಿ. ಹಾಜರಿ ಪುಸ್ತಕ ಆಮೇಲೆ ನೋಡಲಿ. ಮೊದಲು ತಲೆ ಎಣಿಸಲಿ.

– ಒಬ್ಬ ನಿವೃತ್ತ ಶಿಕ್ಷಕಿ