ಕಾಫಿ ಏಜೆಂಟರ ಕಮಿಷನ್‌ಗೆ ಒಂದು ಸುತ್ತೋಲೆ ಬೇಕು

ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಲೋಕಸಭಾ ಸದಸ್ಯರಾದ ಶ್ರೀ ಕೋಟ ಶ್ರೀನಿವಾಸ ಪೂಜಾರಿ ಅವರಿಗೆ,

ಮಾನ್ಯರೇ, ನಮಸ್ಕಾರ.

ಚಿಕ್ಕಮಗಳೂರಿನ ಸಣ್ಣ ಕಾಫಿ ರಫ್ತುದಾರರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ನಮ್ಮ ಕಾಫಿಯ ಬಹುಪಾಲು ಹೊರದೇಶಕ್ಕೇ ಹೋಗುತ್ತದೆ, ಇಟಲಿಯವರೇ ದೊಡ್ಡ ಗಿರಾಕಿಗಳು. ಆದರೆ ವರ್ಷಕ್ಕೆ ನಾಲ್ಕಾರು ಕಂಟೇನರ್ ಕಳಿಸುವವರಿಗೆ ಅಲ್ಲಿನ ದೊಡ್ಡ ಕಂಪನಿಗಳ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಅಲ್ಲಿರುವ ಏಜೆಂಟರೇ ಸ್ಯಾಂಪಲ್ ಒಯ್ದು ತೋರಿಸಬೇಕು, ದರ ಕುದುರಿಸಬೇಕು, ಸರಕು ಇಳಿದ ಮೇಲೆ ತೇವಾಂಶದ ತಕರಾರು ಬಂದರೆ ನಿಂತು ಬಗೆಹರಿಸಬೇಕು. ಅದಕ್ಕೆ ಕೊಡುವುದೇ ಕಮಿಷನ್.

ಈ ಹಣಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆ, ಮುರಿದುಕೊಳ್ಳಲಿಲ್ಲವೇಕೆ ಎಂದು ಆದಾಯ ತೆರಿಗೆ ಇಲಾಖೆಯಿಂದ ನೋಟಿಸ್ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ, ದೇಶದೊಳಗಿನ ಪಾವತಿಗೆ ಟಿಡಿಎಸ್ ತಪ್ಪಿದರೆ ಖರ್ಚಿನ ಶೇ 30ರಷ್ಟನ್ನು ಖರ್ಚೆಂದೇ ಒಪ್ಪದೆ ತಳ್ಳಿಹಾಕುತ್ತಾರೆ. ಹೊರದೇಶದವರಿಗೆ ಕೊಟ್ಟದ್ದಾದರೆ ಇಡೀ ಖರ್ಚೇ ಹೋಗುತ್ತದೆ. ಕೈಗೆ ಬಾರದ ಲಾಭಕ್ಕೆ ತೆರಿಗೆ, ಅದರ ಮೇಲೆ ಬಡ್ಡಿ. ಮೇಲ್ಮನವಿ ಹಾಕಿದರೂ ವಸೂಲಿ ತಡೆಯಲು ಸಾಮಾನ್ಯವಾಗಿ ಕೇಳಿದ ತೆರಿಗೆಯ ಶೇ 20ರಷ್ಟು ಮೊದಲೇ ಕಟ್ಟಬೇಕು. ಅದು ಬೆಳೆಗಾರರ ಬಟವಾಡೆಗೆ ಇಟ್ಟುಕೊಂಡ ದುಡ್ಡು, ಸ್ವಾಮಿ.

ಕಾನೂನು ಹೊಸದೇನಲ್ಲ. ವಿದೇಶಿ ಏಜೆಂಟರು ವಿದೇಶದಲ್ಲೇ ಮಾಡಿದ ಕೆಲಸದ ಕಮಿಷನ್ ಇಲ್ಲಿ ತೆರಿಗೆಗೆ ಬರುವುದಿಲ್ಲವೆಂದು ತಂಬಾಕು ರಫ್ತಿನ ತೋಷೋಕು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿತು. ಇಲ್ಲಿ ತೆರಿಗೆಯೇ ಇಲ್ಲದ ಹಣಕ್ಕೆ ಟಿಡಿಎಸ್ ಬೇಡವೆಂದು 2010ರಲ್ಲೂ ಹೇಳಿತು. ನೇರ ತೆರಿಗೆ ಮಂಡಳಿಯ 1969 ಮತ್ತು 2000ನೇ ಇಸವಿಯ ಸುತ್ತೋಲೆಗಳೂ ರಫ್ತುದಾರರ ಪರವಾಗಿದ್ದವು. ಅವನ್ನು 2009ರ ಅಕ್ಟೋಬರ್‌ನಲ್ಲಿ ವಾಪಸ್ ಪಡೆದರು. ಅಲ್ಲಿಂದ ಒಬ್ಬೊಬ್ಬ ರಫ್ತುದಾರನೂ ಗೆದ್ದ ವಾದವನ್ನೇ ಮತ್ತೆ ಗೆಲ್ಲಬೇಕಾಗಿದೆ.

ನೆಂಟರ ಹೆಸರಿನಲ್ಲಿ ದುಬೈಯಲ್ಲೋ ಸಿಂಗಪುರದಲ್ಲೋ ಕಂಪನಿ ತೆರೆದು, ತಮ್ಮದೇ ಲಾಭವನ್ನು ಕಮಿಷನ್ ಎಂದು ದಾಟಿಸುವವರನ್ನು ಖಂಡಿತ ಹಿಡಿಯಲಿ. ಅದಕ್ಕೆ ಕೆಲಸ ನಡೆದ ಪುರಾವೆ ಕೇಳಬೇಕು, ಕೊಟ್ಟರೆ ಓದಬೇಕು. ನನ್ನ ಮೇಜಿನ ಮೇಲಿರುವ ಒಂದು ಫೈಲಿನಲ್ಲಿ ಏಜೆನ್ಸಿ ಒಪ್ಪಂದವಿದೆ, ಕಮಿಷನ್ ನಮೂದಾಗಿರುವ ಶಿಪ್ಪಿಂಗ್ ಬಿಲ್ ಇದೆ, ಹೊರದೇಶಕ್ಕೆ ಕಳಿಸುವ ಹಣದ ತೆರಿಗೆಯ ಬಗ್ಗೆ ಆಡಿಟರ್ ಕೊಟ್ಟ 15ಸಿಬಿ ಪ್ರಮಾಣಪತ್ರ ಇದೆ, ದರದ ಬಗ್ಗೆ ಏಜೆಂಟ್ ಬರೆದ ಇಮೇಲ್‌ಗಳಿವೆ. ಎಲ್ಲವೂ ಇಲಾಖೆಯ ಪೋರ್ಟಲ್‌ಗೆ ಹೋಗಿವೆ. ತೆರಿಗೆ ಅಧಿಕಾರಿಯ ಆದೇಶದಲ್ಲಿ ಒಂದರ ಪ್ರಸ್ತಾಪವೂ ಇಲ್ಲ.

ದಯವಿಟ್ಟು ಇದನ್ನು ಲೋಕಸಭೆಯಲ್ಲಿ ಎತ್ತಿ, ಹಣಕಾಸು ಸಚಿವರ ಗಮನಕ್ಕೆ ತನ್ನಿ. ಯಾವ ದಾಖಲೆ ಇದ್ದರೆ ಕಮಿಷನ್ ಒಪ್ಪಬೇಕೆಂದು ಹೇಳುವ ಹೊಸ ಸುತ್ತೋಲೆ ಹೊರಡಲಿ. ಅದು ಬರುವವರೆಗೆ ಇಂಥ ಮೇಲ್ಮನವಿಗಳಲ್ಲಿ ಶೇ 20ರ ಒತ್ತಾಯ ನಿಲ್ಲಲಿ.

ಇಂತಿ ತಮ್ಮ ವಿಶ್ವಾಸಿ,
ಕಾಫಿ ರಫ್ತುದಾರರ ಲೆಕ್ಕಿಗ, ಚಿಕ್ಕಮಗಳೂರು